ನೆಗೆಣ್ಣಿಯರಿಗೆ ಕಟ್ಟಿದ ಟ್ವೀಟರ್ ಸಾಲು

ಕುಂದಗೋಳದ ನನ್ನ ಮೈಕ್ ಅಂಗಡಿಯ ಬೀಗದ ಕೈಯನ್ನು ತಂಗಿಯ ಮಗನಿಗೆ ಒಪ್ಪಿಸಿದ ಮೇಲೆ ನಾನು ಆರಾಮಾಗಿ ಮನೆಯಲ್ಲಿ ಕೂತಿದ್ದೇನೆ ಎಂದು ಜನ ತಿಳಿದಿದ್ದಾರೆ. ಆರಾಮ ಎಲ್ಲಿಂದ ಬರಬೇಕು? ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡುವ ಮೊದಲೇ ಯಾರಾದರೊಬ್ಬ ಹುಡುಗ ಮೋಟಾರ್‌ಸೈಕಲ್ ನಿಲ್ಲಿಸಿ ಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿಯುತ್ತಾನೆ. ಅದರಲ್ಲಿ ಬಾಳೆಗೊನೆಯ ಹಾಗೆ ಒಂದರ ಕೆಳಗೊಂದು ಬಾಗಿ ತೂಗುವ, ಲೈನ್ ಅರೇ ಎಂಬ ಸ್ಪೀಕರ್ ಡಬ್ಬಿಗಳ ಚಿತ್ರ ಇರುತ್ತದೆ.

“ಕಾಕಾ, ಹಿಂತಾವು ನಾವ ಮನ್ಯಾಗ ಮಾಡಾಕತ್ತೀವ್ರಿ. ಟ್ವೀಟರ್ ಎಷ್ಟ ಹಾಕೂಣು?”

ಎಲ್ಲರೂ ಎಷ್ಟು ಎಂದೇ ಕೇಳುತ್ತಾರೆ. ಯಾವ ಕಡೆ ಹಾಕೋಣ, ಯಾರು ಕೇಳುವವರು ಎಂದು ಕೇಳಿದ ಗಂಡುಮಗನನ್ನು ನಾನಿನ್ನೂ ನೋಡಿಲ್ಲ. ಒಬ್ಬೊಬ್ಬನಿಗೂ ಬೇರೆ ಬೇರೆ ಹೇಳಿ ಗಂಟಲು ನೋಯಿಸಿಕೊಳ್ಳುವುದಕ್ಕಿಂತ ಒಂದು ಸಲ ಬರೆದಿಟ್ಟರೆ ಮುಗಿಯಿತು ಎಂದುಕೊಂಡು ಕೂತಿದ್ದೇನೆ. ನನ್ನ ಹೆಸರು ಈರಣ್ಣ. ಊರು ಸಂಶಿ. ಓದಿದ್ದು ಕಡಿಮೆ, ಒದರಿಸಿದ್ದು ಹೆಚ್ಚು.

ಮೊದಲು ಟ್ವೀಟರ್ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಡಬ್ಬಿಯೊಳಗಿನ ದೊಡ್ಡ ಸ್ಪೀಕರು ಡೊಳ್ಳು, ಗಂಡಸರ ಗಂಟಲು, ಇಂಥವನ್ನೆಲ್ಲ ನೋಡಿಕೊಳ್ಳುತ್ತದೆ. ಅದರ ಜೊತೆಗೆ ಅಂಗೈಗಿಂತ ಸಣ್ಣದೊಂದು ಸ್ಪೀಕರು ಇರುತ್ತದಲ್ಲ, ಅದೇ ಟ್ವೀಟರ್. ತಾಳದ ಕಿಣಿಕಿಣಿ, ಬಳೆಯ ಸದ್ದು, ಮಾತಿನೊಳಗಿನ ಸ, ಶ, ತ, ಕ ಇವೆಲ್ಲ ಅದರ ಪಾಲಿನ ಕೆಲಸ. ಟ್ವೀಟರ್ ಸತ್ತರೆ ದನಿ ಕೇಳಿಸುತ್ತಲೇ ಇರುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಜಗಳಾಡುತ್ತಿದ್ದಾರೆ, ಯಾತಕ್ಕೆ ಎಂದು ಮಾತ್ರ ಗೊತ್ತಾಗುತ್ತಿಲ್ಲ ಎಂದರೆ ಎಷ್ಟು ಸಂಕಟವಾಗುತ್ತದೋ ಅಷ್ಟೇ ಸಂಕಟ.

ಇದನ್ನು ನನಗೆ ಕಲಿಸಿದವರು ಹುಬ್ಬಳ್ಳಿಯ ಖಾದರಸಾಬ್ ಉಸ್ತಾದರು. ಮೀಸೆ ಚಿಗುರುವ ವಯಸ್ಸಿನಲ್ಲಿ ನಾನು ಅವರ ಅಂಗಡಿ ಸೇರಿದೆ. ಎಲ್ಲರ ಹಾಗೆ ನಾನೂ ಮೈಕ್ ಹಿಡಿದು “ಹಲೋ, ಹಲೋ” ಅಂದೆ. ಉಸ್ತಾದರು ಎಲೆಅಡಿಕೆ ಜಗಿಯುತ್ತ ಬಂದು ಮೈಕನ್ನು ಕಸಿದುಕೊಂಡರು.

“ಅರೇ ಈರ್ಯಾ, ಹಲೋದಾಗ ಏನೈತೋ? ಬರೇ ಗಾಳಿ. ಹಲ್ಲಿಗೆ ಹತ್ತೂವಂಥಾದ್ದು ಒಂದ್ ಮಾತ ಅನ್ನು. ನಿನ್ನ ಊರ ಯಾವ್ದು?”

“ಸಂಶಿರಿ.”

“ಬಸ್! ಅದನ್ನ ಅನ್ನು. ಸ ಬ್ಯಾರೆ, ಶ ಬ್ಯಾರೆ ಕೇಳಿತಂದ್ರ ಸೆಟ್ ಛಲೋ ಐತಿ ಅಂತ ತಿಳಕೊ.”

ಅಂದಿನಿಂದ ನನ್ನ ಟೆಸ್ಟಿಂಗ್ ಅಂದರೆ ಅದೊಂದೇ ಮಾತು. ಯಾವ ಊರಿನ ಪೆಂಡಾಲಿನಲ್ಲಿ ಮೈಕ್ ಹಿಡಿದರೂ ಸಂಶಿ, ಸಂಶಿ ಎಂದು ಕೂಗುತ್ತಿದ್ದೆ. ನವಲಗುಂದದಲ್ಲಿ ಒಮ್ಮೆ ಒಬ್ಬ ಮುದುಕ, ಸಂಶಿಗೆ ಹೋಗುವ ಬಸ್ಸು ಪೆಂಡಾಲಿನ ಹತ್ತಿರ ಬಂದಿದೆ ಎಂದು ಗಂಟು ಎತ್ತಿಕೊಂಡು ಓಡಿ ಬಂದಿದ್ದ. ಅವನಿಗೆ ಚಹಾ ಕುಡಿಸಿ ಕಳಿಸಬೇಕಾಯಿತು.

ಉಸ್ತಾದರ ಕಾಲದಲ್ಲಿ ಭೋಂಗಾ ಇತ್ತು. ಉಮ್ಮತ್ತಿ ಹೂವಿನ ಆಕಾರದ, ತಗಡಿನ ಕಹಳೆ. ಗಿಡಕ್ಕೆ ಕಟ್ಟಿದರೆ ಮುಂದಿನ ಊರಿಗೂ ಕೇಳಿಸುತ್ತಿತ್ತು. ಹಾಡಿನ ಸೊಗಸನ್ನೆಲ್ಲ ಸುಲಿದು ಎಲುಬು ಮಾತ್ರ ಉಳಿಸುತ್ತಿತ್ತು. ಆದರೆ ಒಂದು ಮಾತು ಹೇಳಲೇಬೇಕು, ಭೋಂಗಾದಲ್ಲಿ ಅಕ್ಷರ ಸ್ಪಷ್ಟ ಇರುತ್ತಿತ್ತು. ಅದನ್ನು ಬೈಯುವವರು ಈ ಗುಣವನ್ನು ಮರೆಯುತ್ತಾರೆ. ನಾನೂ ಬಹಳ ವರ್ಷ ಮರೆತಿದ್ದೆ.

ಆಮೇಲೆ ದೊಡ್ಡ ಡಬ್ಬಿಗಳು ಬಂದವು, ಆಮೇಲೆ ಈ ಲೈನ್ ಅರೇ. ಕೊಂಡು ತರುವ ತಾಕತ್ತು ನಮಗಿರಲಿಲ್ಲ. ಪ್ಲೈವುಡ್ ಕೊಯ್ದು, ಅಂಟು ಹಚ್ಚಿ, ಕರಿ ಬಣ್ಣ ಬಳಿದು ನಾವೇ ಕಟ್ಟಿದೆವು. ಮೊದಲ ಜೋಡಿ ಕಟ್ಟಿದಾಗ ಮುಖ ಚೆಂದ ಕಾಣಲಿ ಎಂದು ಒಂದೊಂದು ಡಬ್ಬಿಗೆ ಎಡಕ್ಕೊಂದು ಬಲಕ್ಕೊಂದು ಟ್ವೀಟರ್ ಕೂರಿಸಿದ್ದೆ. ಎರಡು ಕಣ್ಣಿನ ಹಾಗೆ. ನೋಡಿದವರೆಲ್ಲ ಭೇಷ್ ಅಂದರು.

ಆ ಡಬ್ಬಿಗಳನ್ನು ಒಂದು ಸಾಮೂಹಿಕ ಮದುವೆಗೆ ಒಯ್ದೆ. ವೇದಿಕೆಯ ಮೇಲಿಂದ ಒಬ್ಬೊಬ್ಬ ಮದುಮಗಳ ಹೆಸರು ಕೂಗುವುದು, ಆಕೆ ಎದ್ದು ಬಂದು ತಾಳಿ ಸೀರೆ ತೆಗೆದುಕೊಳ್ಳುವುದು, ಹೀಗೆ ಕ್ರಮ. “ಶಾರವ್ವ” ಎಂದು ಕೂಗಿದರು. ಮೂರು ಕಡೆಯಿಂದ ಮೂವರು ಮದುಮಕ್ಕಳು ಎದ್ದು ನಿಂತರು. ಒಬ್ಬಳು ಶಾರವ್ವ, ಇನ್ನೊಬ್ಬಳು ಪಾರವ್ವ, ಮತ್ತೊಬ್ಬಳು ತಾರವ್ವ. ಮೂವರಿಗೂ ಕೇಳಿಸಿದ್ದು ಬರೀ “ಆರವ್ವ”. ಪಾಪ, ತಲೆ ತಗ್ಗಿಸಿಕೊಂಡು ಬಾಸಿಂಗ ಸಂಭಾಳಿಸುತ್ತ ಮೂವರೂ ಮೆಟ್ಟಿಲ ತನಕ ಬಂದರು. ಬೀಗರ ಪೈಕಿ ಒಬ್ಬ ಹಿರಿಯ ನನ್ನ ಕಡೆ ತಿರುಗಿ, “ಏ ಮೈಕಿನಾಂವ, ಒಬ್ಬಾಕಿನ್ನ ಕರದ್ರ ಮೂವರು ಬರ್ತಾರಲ್ಲೋ! ಹಿಂತಾ ಮೈಕ್ ನನ್ನ ಮದವ್ಯಾಗ ಇರಲಿಲ್ಲ ನೋಡು” ಎಂದ. ಇಡೀ ಪೆಂಡಾಲು ನಕ್ಕಿತು, ಮದುಮಕ್ಕಳೂ ನಕ್ಕರು. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಊಟದ ಹೊತ್ತಿನಲ್ಲಿ ಕುರ್ಚಿಗಳ ನಡುವೆ ಅಡ್ಡಡ್ಡ ನಡೆದು ನೋಡಿದೆ. ಎರಡು ಕುರ್ಚಿಗೆ ಮಾತು ಸ್ಪಷ್ಟ, ಮುಂದಿನ ಎರಡಕ್ಕೆ ಮಬ್ಬು, ಮತ್ತೆ ಸ್ಪಷ್ಟ, ಮತ್ತೆ ಮಬ್ಬು. ಜಮಖಾನದ ಪಟ್ಟಿಗಳ ಹಾಗೆ. ಕಾರಣ ಹೊಳೆಯಲಿಲ್ಲ. ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುವ ಒಬ್ಬ ಮೇಷ್ಟ್ರು ನಮ್ಮ ಅಂಗಡಿಗೆ ಬರುತ್ತಿದ್ದರು, ಅವರನ್ನು ಕೇಳಿದೆ. ಅವರು ಅಂಗಡಿಯ ಮುಂದಿನ ಬಕೆಟ್ಟಿನ ನೀರಿನಲ್ಲಿ ಎರಡು ಬೆರಳನ್ನು ಬಾಜುಬಾಜು ಇಟ್ಟು ಕುಣಿಸಿದರು. ಎರಡು ಕಡೆಯ ತೆರೆ ಕೂಡಿ ಕೆಲವು ಕಡೆ ನೀರು ಎದ್ದಿತು, ಕೆಲವು ಕಡೆ ಸುಮ್ಮನೆ ನಿಂತಿತು. “ಸುಮ್ಮನೆ ನಿಂತ ಜಾಗದಾಗ ನಿಮ್ಮ ಪಾರವ್ವ ಕೂತಿದ್ಲು ನೋಡ್ರಿ” ಎಂದರು. ಅವರ ಕೈ ಹಿಡಿದು ನಮಸ್ಕಾರ ಮಾಡಿದೆ.

ಆದ್ದರಿಂದ ಹುಡುಗರೇ, ಟ್ವೀಟರುಗಳನ್ನು ಪಕ್ಕಪಕ್ಕ ಇಡಬೇಡಿ. ಒಂದರ ಮೇಲೊಂದು, ನೆಟ್ಟಗೆ, ಒಂದೇ ಸಾಲು. ಆಗ ತೆರೆಗಳ ಗಲಾಟೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ, ಅಲ್ಲಿ ಕೂರುವವರು ಯಾರೂ ಇಲ್ಲ. ಅಡ್ಡಕ್ಕೆ ಕೂತವರಿಗೆಲ್ಲ ಒಂದೇ ಸಮ ಕೇಳಿಸುತ್ತದೆ. ಸಾಲಿನಲ್ಲಿ ನಡುವೆ ಸಂದು ಬಿಡಬಾರದು. ಟ್ವೀಟರಿನ ಸುತ್ತ ಒಂದು ಅಗಲವಾದ ಅಂಚು ಇರುತ್ತದಲ್ಲ, ಅದನ್ನು ಮೇಲೆ ಕೆಳಗೆ ಗರಗಸದಿಂದ ಕೊಯ್ದು ಒಂದಕ್ಕೊಂದು ತಾಗಿಸಿ ಕೂರಿಸಿ. ಕೊಯ್ಯುವಾಗ ಕಬ್ಬಿಣದ ಪುಡಿ ಒಳಗೆ ಹೋಗದ ಹಾಗೆ ಬಟ್ಟೆ ಮುಚ್ಚಿ. ಒಂದು ಟ್ವೀಟರಿನ ಎರಡು ತಂತಿ ಅದಲುಬದಲಾದರೆ ಉಳಿದವು ಗಾಳಿಯನ್ನು ತಳ್ಳುವಾಗ ಅದು ತಾನು ಎಳೆಯುತ್ತ ಕೂರುತ್ತದೆ. ಅಣ್ಣಿಗೇರಿಯ ಒಂದು ಶಾಲೆಯ ಗ್ಯಾದರಿಂಗಿನಲ್ಲಿ ಹಾಗೆ ಮುನಿಸಿಕೊಂಡ ಒಂದೇ ಒಂದು ಟ್ವೀಟರನ್ನು ಹುಡುಕಲು ಇಡೀ ಸಾಲನ್ನು ಬಿಚ್ಚಿದ್ದೇನೆ. ಶಾಲೆಯ ಮಕ್ಕಳು ವೇಷ ಹಾಕಿಕೊಂಡು ನನ್ನ ಸುತ್ತ ನಿಂತು ನೋಡುತ್ತಿದ್ದರು. ಹನುಮಂತನ ವೇಷದವನು ಬ್ಯಾಟರಿ ಹಿಡಿದು ಸಹಾಯ ಮಾಡಿದ.

ಇಷ್ಟು ವಿದ್ಯೆ ಯಾರಾದರೂ ಹೇಳಿಕೊಡುತ್ತಾರೆ. ಇನ್ನು ಮುಂದೆ ಹೇಳುವುದು ನನಗೆ ಬೇರೆ ಯಾರೂ ಹೇಳಿಕೊಟ್ಟಿದ್ದಲ್ಲ.

ಗುಡಗೇರಿಯಿಂದ ಆಚೆ ಒಂದು ಹಳ್ಳಿ. ಅಲ್ಲಿಯ ಮಠದ ಅಂಗಳದಲ್ಲಿ ಶ್ರಾವಣ ತಿಂಗಳು ಪೂರ್ತಿ ಸಂಜೆ ಪುರಾಣ ನಡೆಯುತ್ತದೆ. ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯ ಓದುವವರು, ಇನ್ನೊಬ್ಬರು ಅದರ ಅರ್ಥ ಹೇಳುವವರು. ಬೇರೆ ಊರುಗಳಲ್ಲಿ ಇದು ಗಂಡಸರ ಕೆಲಸ. ಆ ಊರಿನಲ್ಲಿ ಇಬ್ಬರು ಹೆಣ್ಣುಮಕ್ಕಳು ನಡೆಸುತ್ತಿದ್ದರು. ಅಣ್ಣತಮ್ಮಂದಿರ ಹೆಂಡಂದಿರು, ಅಂದರೆ ನೆಗೆಣ್ಣಿಯರು. ಓದುವವರು ಸಣ್ಣವರಾದ ನೀಲವ್ವ. ಅವರದು ತೆಳ್ಳನೆಯ ಸಣ್ಣ ದನಿ. ಅರ್ಥ ಹೇಳುವವರು ಹಿರಿಯರಾದ ಗಿರಿಜವ್ವ. ಅವರು ಸಂಶಿಯ ಮಗಳು, ಹೊಲಮನೆ ಆಳಿದ ಹೆಣ್ಣುಮಗಳು, ಮಾತಾಡಿದರೆ ಅಂಗಳ ತುಂಬುತ್ತಿತ್ತು. ಉಸ್ತಾದರ ಕಾಲದಿಂದಲೂ ಅಲ್ಲಿಯ ಮೈಕು ನಮ್ಮದೇ.

ಇಬ್ಬರೂ ಎಷ್ಟು ಚೆಂದ ಜೋಡಿ ಎಂದರೆ, ನೀಲವ್ವ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಗಿರಿಜವ್ವ ಮಾತು ಎತ್ತಿಕೊಳ್ಳುತ್ತಿದ್ದರು. ಆದರೆ ಅವರಿಗೆ ಮನೆಯಲ್ಲಿ ಮಾತಿರಲಿಲ್ಲ! ಮನೆ ಎರಡಾಗಿ ಒಲೆ ಬೇರೆಯಾದ ಮೇಲೆ ನಡುವೆ ಒಂದು ಗೋಡೆ ಬಂದಿತ್ತು. ಪಾಲಿನಲ್ಲಿ ಜಗಳವೇನೂ ಆಗಿರಲಿಲ್ಲ. ಆದರೂ ವರ್ಷ ಕಳೆದಂತೆ ಮಾತು ನಿಂತುಹೋಯಿತು. ಶ್ರಾವಣದಲ್ಲಿ ಮಾತ್ರ ಒಂದೇ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಮಂಗಳ ಹಾಡಿ ಬೇರೆ ಬೇರೆ ಬಾಗಿಲು ಸೇರುವುದು. ಆ ಇಬ್ಬರ ನಡುವೆ ಉಳಿದಿದ್ದ ಮಾತೆಂದರೆ ಆ ಪುರಾಣದ ಮಾತು ಅಷ್ಟೇ.

ನಾನು ಹೊಸ ಲೈನ್ ಅರೇ ಡಬ್ಬಿಗಳನ್ನು ಅಲ್ಲಿಗೆ ಒಯ್ದ ವರ್ಷ ಊರವರಿಗೆ ಬಹಳ ಖುಷಿಯಾಯಿತು. ಕಟ್ಟೆಯ ಬಾಜು ಬೇವಿನ ಗಿಡಕ್ಕೆ ಕಟ್ಟುತ್ತಿದ್ದ ಭೋಂಗಾ ಇಳಿಸಿದೆ. ಕಟ್ಟೆಯ ಮುಂದೆ ಎಡಬಲಕ್ಕೆ ಎರಡು ಸಾಲು ನಿಲ್ಲಿಸಿದೆ. ಕೊನೆಯ ಸಾಲಿನ ಮುದುಕಿಯರು ಕೂಡ ತಲೆ ಅಲ್ಲಾಡಿಸಿದರು.

ಮೂರ್ನಾಲ್ಕು ದಿನ ಆಗಿತ್ತು. ನೀಲವ್ವ ಓದಿದರು, “ಕತ್ತಲು ತುಂಬಿತು ಮನೆಯೊಳಗೆ.” ಒಬ್ಬ ಶರಣರು ಲಿಂಗೈಕ್ಯರಾದ ಸಂದರ್ಭ. ಗಿರಿಜವ್ವ ಅರ್ಥ ಹೇಳಲು ಶುರು ಮಾಡಿದರು, “ನೋಡ್ರಿ ತಾಯಂದಿರಾ, ಬಟ್ಟಲು ತುಂಬಿತಂತ. ಯಾತರ ಬಟ್ಟಲು? ಹಾಲಿನ ಬಟ್ಟಲು. ಮನಿಗೆ ಜಂಗಮರು ಬಂದಾರ, ಶರಣೆ ಹಾಲ ತಂದಾಳ...”

ಮುಂದೆ ಕೂತಿದ್ದ ಹೆಣ್ಣುಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ಸೆರಗು ಬಾಯಿಗೆ ಹಿಡಿದು ಕಿಸಕ್ಕೆಂದಳು. ಗಿರಿಜವ್ವ ಏನೂ ತಿಳಿಯದೆ ಹಾಲಿನ ಬಟ್ಟಲನ್ನು ವರ್ಣಿಸುತ್ತಲೇ ಇದ್ದರು. ಆಗ ನೀಲವ್ವ ಮಾಡಿದ್ದನ್ನು ಆಂಪ್ಲಿಫೈಯರಿನ ಹಿಂದೆ ಕೂತ ನಾನೊಬ್ಬ ಸರಿಯಾಗಿ ಕಂಡೆ. ಅವರು ಸರಸರನೆ ಹಿಂದಿನ ಹಾಳೆ ತಿರುವಿ, ಹಾಲಿನ ಬಟ್ಟಲು ಬರುವ ಪದ್ಯವನ್ನು ಹುಡುಕಿ, ಗಿರಿಜವ್ವ ಉಸಿರು ತೆಗೆದುಕೊಳ್ಳುವಾಗ ಅದನ್ನೇ ಓದಿಬಿಟ್ಟರು. ತಪ್ಪು ಓದಿದ್ದು ತಾನೇ ಎಂಬಂತೆ ಹಣೆ ಹಣೆ ಬಡಿದುಕೊಂಡರು. ಮಾತಾಡದ ನೆಗೆಣ್ಣಿಯ ಮರ್ಯಾದೆ ಕಾಯಲು ಆ ಹೆಣ್ಣುಮಗಳು ತಾನು ದಡ್ಡಿಯಾದದ್ದು ನೋಡಿ ನನ್ನ ಕಣ್ಣು ತುಂಬಿ ಬಂತು.

ಆದರೆ ಎಷ್ಟು ದಿನ ಹಾಗೆ ಮುಚ್ಚಲು ಆಗುತ್ತದೆ? ಆ ತಿಂಗಳಲ್ಲಿ ಅಂಥದ್ದು ಮತ್ತೆ ಮತ್ತೆ ಆಯಿತು. ಮರುವರ್ಷ ಆಷಾಢದಲ್ಲಿ ಡಬ್ಬಿಗಳನ್ನು ತೆಗೆದುಕೊಂಡು ನಾನು ಹೋದಾಗ ಮಠದ ಹಿರಿಯರಾದ ಚನ್ನಬಸಪ್ಪ ಕಾಕಾ ಹೇಳಿದರು, “ಈರಣ್ಣಾ, ಗಿರಿಜವ್ವಗ ವಯಸ್ಸಾತು. ಬುದ್ಧಿ ಅತ್ಲಾಗ ಇತ್ಲಾಗ ಆಗೇತಿ. ಈ ಸಲ ಬ್ಯಾರೆ ಊರಿಂದ ಶಾಸ್ತ್ರಿಗಳ್ನ ಕರಸೂಣು ಅಂತ ಮಾಡೇವಿ. ನೀಲವ್ವ ಓದ್ಲಿ, ಶಾಸ್ತ್ರಿಗಳು ಅರ್ಥ ಹೇಳ್ಲಿ.”

“ನೀಲವ್ವಾರು ಏನಂದ್ರು?”

“ಹಂಗಾದ್ರ ನಾನೂ ಓದೂದಿಲ್ಲ ಅಂದ್ಲು. ಇಬ್ರೂ ಮಾತಾಡೂದಿಲ್ಲ, ಮತ್ತ ಇದೆಂಥಾ ಹಟಾನೋ ನಮಗ ತಿಳಿವಲ್ದು.”

ನನಗೆ ಆ ಬುದ್ಧಿಯ ಮಾತು ಒಪ್ಪಿಗೆಯಾಗಲಿಲ್ಲ. ಚಹಾದ ನೆಪದಲ್ಲಿ ಮೊದಲು ಗಿರಿಜವ್ವನ ಮನೆಗೆ ಹೋದೆ. ಮಳೆ, ಬಿತ್ತನೆ, ಹೆಸರು ಕಾಳಿನ ಬೆಳೆ, ಎಲ್ಲ ಮಾತೂ ಚೊಕ್ಕಟ. ನನ್ನ ದನಿ ದಪ್ಪ, ನಾನು ಎದುರಿಗೇ ಕೂತಿದ್ದೆ. ಅವರು ನನ್ನ ಬಾಯಿಯ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ನೆಗೆಣ್ಣಿಯ ಮಾತು ತೆಗೆದೆ.

“ಆಕಿ ನನ್ನ ಕರಿಯೂದ ಬಿಟ್ಲು ತಮ್ಮಾ” ಎಂದು ಕಿಡಕಿಯ ಕಡೆ ಮುಖ ತಿರುಗಿಸಿದರು. “ನಾ ಹಿರಿಯಾಕಿ. ನಾನಾಗಿ ಹೆಂಗ ಹೋಗ್ಲಿ?”

ಬಾಜು ಬಾಗಿಲಿಗೆ ಹೋದೆ. ನೀಲವ್ವ ಅವಲಕ್ಕಿ ತಂದಿಟ್ಟು ಮೆಲ್ಲಗೆ ಹೇಳಿದರು, “ಅಕ್ಕ ಓ ಅನ್ನೂದ ಬಿಟ್ಲು. ಓ ಅನಲಾರದವರ್ನ ಎಷ್ಟಂತ ಕರೀಲಿ?”

ಇಬ್ಬರೂ ಒಂದೇ ಹಟದವರು ಎಂದುಕೊಂಡು ಮಠಕ್ಕೆ ನಡೆದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಡಬ್ಬಿಯ ಚಿಂತೆ ಮಾತ್ರ.

ಡಬ್ಬಿ ಕಟ್ಟಿ, ಚನ್ನಬಸಪ್ಪ ಕಾಕಾನ ಮೊಮ್ಮಗಳ ಕೈಯಲ್ಲಿ ಪುಸ್ತಕ ಕೊಟ್ಟು ಓದಿಸಿ, ನಾನು ಗಿರಿಜವ್ವ ಕೂರುವ ಜಾಗದಲ್ಲಿ ಕೂತೆ. ಅಷ್ಟು ವರ್ಷದಲ್ಲಿ ಆ ಜಾಗದಲ್ಲಿ ಒಮ್ಮೆಯೂ ಕೂತಿರಲಿಲ್ಲ. ಡೊಳ್ಳಿನಂಥ ದಪ್ಪ ದನಿ ಡಬ್ಬಿಯ ಹಿಂದಕ್ಕೂ ಬಳಸಿ ಬರುತ್ತದೆ, ಟ್ವೀಟರಿನ ದನಿ ಮೂಗು ತೋರಿದ ಕಡೆಗೇ ಹೋಗುತ್ತದೆ. ಹಿಂದೆ ಕೂತವರಿಗೆ ಉಳಿಯುವುದು “ಅ ಅ ಉ, ಉ ಇ ಉ” ಅಷ್ಟೇ. ಕತ್ತಲೂ ಒಂದೇ, ಬಟ್ಟಲೂ ಒಂದೇ. ಮೊದಲು ಬೇವಿನ ಗಿಡದ ಭೋಂಗಾ ಅವರ ತಲೆಯ ಮೇಲೇ ಅಕ್ಷರ ಉದುರಿಸುತ್ತಿತ್ತು. ಎಳೆಯ ಕಿವಿಯಾದರೆ ಬಾಜು ಕೂತ ನೀಲವ್ವನ ಬಾಯಿಂದಲೇ ನೇರ ಕೇಳಿಸಿಕೊಳ್ಳುತ್ತಿತ್ತು. ಗಿರಿಜವ್ವನ ಕಿವಿಗೆ ಆ ತೆಳ್ಳನೆಯ ದನಿ ಮುಟ್ಟುತ್ತಿರಲಿಲ್ಲ. ನೀಲವ್ವ ಪುಸ್ತಕಕ್ಕೆ ಮುಖ ಹುದುಗಿಸಿ ಓದುವುದರಿಂದ ತುಟಿಯೂ ಕಾಣುತ್ತಿರಲಿಲ್ಲ.

“ಕಾಕಾ, ಶಾಸ್ತ್ರಿಗಳಿಗೆ ಈಗ ಹೇಳಬ್ಯಾಡ್ರಿ” ಎಂದೆ. “ನಾನೊಂದ್ ಸಣ್ಣ ಡಬ್ಬಿ ಕಟ್ಕೊಂಡ್ ಬರ್ತೀನಿ. ಗಿರಿಜವ್ವಾರ ಮುಂದ ಇಡೂಣು. ಅದರಾಗೂ ಆಗಲಿಲ್ಲಂದ್ರ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ.”

“ಶ್ರಾವಣ ಹೊಸ್ತಲದಾಗ ಐತಿ. ಲಗೂನ ಮಾಡು” ಎಂದರು.

ಮೊದಲು ಅಂಗಡಿಯಲ್ಲಿದ್ದ ತಗಡಿನ ದನಿಯ ಅಗ್ಗದ ಟ್ವೀಟರುಗಳನ್ನು ಹಾಕಿ ಒಯ್ದೆ. ಗಿರಿಜವ್ವ ಕಿವಿ ಮುಚ್ಚಿಕೊಂಡರು. “ತಮ್ಮಾ, ಸೂಜಿ ಚುಚ್ಚಿದಂಗ ಆಗತೈತಿ. ನನ್ನ ಕಿವಿಗೇನಾಗೇತಿ? ನಿನ್ನ ಡಬ್ಬಿಗೇನಾಗೇತಿ ನೋಡು.”

“ಹೌದ್ರಿ ಅವ್ವಾರ, ಡಬ್ಬಿದ ತಪ್ಪೈತಿ. ಅದಕ್ಕ ನಿಮ್ಮ ಮುಂದ ತಂದೇನಿ” ಎಂದೆ. ವಯಸ್ಸಾದ ಕಿವಿಗೆ ಸಣ್ಣ ದನಿ ಮುಟ್ಟುವುದಿಲ್ಲ, ಜೋರು ಮಾಡಿದರೆ ನೋಯುತ್ತದೆ. ನಡುವೆ ಇರುವ ಜಾಗ ಬಹಳ ಇಕ್ಕಟ್ಟು.

ಎರಡನೆಯ ಸಲ ರೇಷ್ಮೆಬಟ್ಟೆಯ ಗುಮ್ಮಟ ಇರುವ ಮೆತ್ತನೆಯ ಟ್ವೀಟರ್ ತಂದೆ. ಒಂದು ಸಾಲು ಅವರ ಎಡಗಿವಿಗೆ, ಒಂದು ಸಾಲು ಬಲಗಿವಿಗೆ ಎಂದು ಎರಡು ಸಾಲು ಮಾಡಿದ್ದೆ. ಟವೆಲ್ಲು ಬಾಯಿಗೆ ಅಡ್ಡ ಹಿಡಿದು ಮೈಕಿನಲ್ಲಿ ಸಂಶಿ ಎಂದೆ.

“ಹಂಜಿ” ಎಂದರು ಗಿರಿಜವ್ವ. “ಯಾರ ಮನ್ಯಾಗ ನೂಲತಾರೋ ಈಗ ಹಂಜಿ?”

ಅವರು ನೆಟ್ಟಗೆ ಕೂತಾಗ ಒಂದು ಮಾತು, ಪುಸ್ತಕದ ಕಡೆ ವಾಲಿದಾಗ ಇನ್ನೊಂದು ಮಾತು. ಆ ಮೂರು ಮದುಮಕ್ಕಳು ನೆನಪಾದರು. ಬುದ್ಧಿ ಹೇಳಿಕೊಂಡು ತಿರುಗುವ ನನಗೆ, ಒಬ್ಬರೇ ಕೇಳುವಲ್ಲಿಯೂ ಎರಡು ಸಾಲು ತೆರೆ ಕಿತ್ತಾಡುತ್ತವೆ ಎಂಬುದು ಹೊಳೆದಿರಲಿಲ್ಲ. ಡಬ್ಬಿ ಹೊತ್ತುಕೊಂಡು ವಾಪಸು ಬಂದೆ. ನನ್ನ ಹೆಂಡತಿ ಬಾಗಿಲಲ್ಲಿ, “ಮತ್ತ ವಾಪಸ್ ಬಂತೇನ್ರಿ ಡಬ್ಬಿ?” ಎಂದು ನಕ್ಕಳು.

ಮೂರನೆಯದನ್ನು ಕಟ್ಟುವಾಗ ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯಿಂದ ನೆತ್ತಿಯ ತನಕ ಎತ್ತರ ಅಳೆದುಕೊಂಡೆ. ಮುದುಕಿ ಬಾಗಲಿ, ಏಳಲಿ, ಗೋಡೆಗೆ ಒರಗಲಿ, ಕಿವಿ ಸಾಲಿನ ಎದುರಿಗೇ ಇರಬೇಕು. ಅಂಚು ಕೊಯ್ದು ಒಂದಕ್ಕೊಂದು ತಾಗಿಸಿ ಒಂದೇ ಸಾಲು ಕೂರಿಸಿದೆ. ಕೋಲಿನಂಥ ಸಣ್ಣ ಡಬ್ಬಿ, ಕೆಳಗೊಂದು ಮಣೆ. ಸಾಲು ಉದ್ದವಾದ್ದರಿಂದ ಒಂದೊಂದೂ ಮೆಲ್ಲಗೆ ನುಡಿದರೆ ಸಾಕಾಗುತ್ತಿತ್ತು, ಸೂಜಿಯ ಕಾಟ ಇರಲಿಲ್ಲ. ನನ್ನ ಕೈಯಿಂದ ಎಷ್ಟೋ ಡಬ್ಬಿ ಹೋಗಿವೆ. ಅಷ್ಟು ಪ್ರೀತಿಯಿಂದ ಯಾವುದನ್ನೂ ಉಜ್ಜಿ ನುಣುಪು ಮಾಡಿರಲಿಲ್ಲ.

ಶ್ರಾವಣ ಹುಟ್ಟುವ ಮುಂಚಿನ ದಿನ ಮಧ್ಯಾಹ್ನ ಮಠದಲ್ಲಿ ಎಲ್ಲವನ್ನೂ ಕಟ್ಟಿದೆ. ಹೊರಗಿನ ಎರಡು ದೊಡ್ಡ ಸಾಲು, ಒಳಗೆ ಈ ಕೋಲು. ಕೋಲು ಮೈಕಿನ ಬೆನ್ನಿಗೆ ಬರುವಂತೆ ಇಟ್ಟೆ, ಇಲ್ಲದಿದ್ದರೆ ಕುಂಯ್ ಎಂದು ಕೂಗುತ್ತದೆ. ಇಬ್ಬರೂ ಬೇರೆ ಬೇರೆ ದಾರಿಯಿಂದ ಬಂದು ಕಟ್ಟೆಯ ಎರಡು ತುದಿಯಲ್ಲಿ ಕೂತರು. ಚನ್ನಬಸಪ್ಪ ಕಾಕಾ ಕಂಬಕ್ಕೆ ಒರಗಿ ನಿಂತರು. ಅವರ ಕೈಯಲ್ಲಿ ಮೊಬೈಲಿತ್ತು. ಶಾಸ್ತ್ರಿಗಳಿಗೆ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ಎಂದು ಅವರು ಕಾಯುತ್ತಿದ್ದರು.

“ನೀಲವ್ವಾರ, ಪುಸ್ತಕದ ಕಡೆ ಮುಖಾ ಮಾಡ್ಕೊಂಡ ಒಂದ್ ಮಾತ ಅನ್ರಿ. ಸಂಶಿ ಅನ್ರಿ.”

ನೀಲವ್ವ ತಲೆ ಬಗ್ಗಿಸಿಕೊಂಡೇ ಮೆಲ್ಲಗೆ ಅಂದರು, “ಸಂಶಿ.”

ಗಿರಿಜವ್ವ ಕೋಲನ್ನು ನೋಡಿದರು. “ಸಂಶಿ ಅಂತ ಅಂತೈತಿ. ನನ್ನ ತವರಮನಿ ಹೆಸರ ನನಗ ತಿಳಿಯೂದಿಲ್ಲೇನ?”

ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಇನ್ನೊಂದು ಮಾತು, ಯಾವುದಾದರೂ ಮಾತು ಅನ್ನಿ ಎಂದು ನೀಲವ್ವನಿಗೆ ಕೈಸನ್ನೆ ಮಾಡಿದೆ. ಅವರು ಪುಸ್ತಕದ ಹಾಳೆಯನ್ನು ಬೆರಳಿನಿಂದ ಸವರಿದರು. ಆಮೇಲೆ, ಗೋಡೆಯ ಈಚೆ ನಿಂತು ಕರೆಯುವವರ ಹಾಗೆ, ಅದೇ ತೆಳ್ಳನೆಯ ದನಿಯಲ್ಲಿ ಅಂದರು, “ಅಕ್ಕಾ, ಮಜ್ಜಿಗಿ ಕಡದೇನಿ. ತಂಬಿಗಿ ಕೊಡ್ತಿಯೇನ?”

“ಓ” ಎಂದರು ಗಿರಿಜವ್ವ. ತಟ್ಟನೆ, ಯೋಚಿಸದೆ. ಆಮೇಲೆ ಅವರ ಮುಖ ಸಣ್ಣದಾಯಿತು. “ಕೊಡ್ತೀನೆವ್ವಾ. ಆದ್ರ ನೀ ಹಿಂಗ ಕೇಳಿ ಎಷ್ಟ್ ವರ್ಷ ಆತು? ಗ್ವಾಡಿ ಕಟ್ಟಿದ ಮ್ಯಾಲೆ ನನ್ನ ಮರತಬಿಟ್ಟಿ.”

“ದಿನಾ ಕೇಳ್ತಿದ್ನಲ್ಲ ಅಕ್ಕಾ” ಎಂದರು ನೀಲವ್ವ. ಅವರು ಅಳತೊಡಗಿದರು. “ಹಿತ್ತಲದಾಗ ನಿಂತು ದಿನಾ ಕರೀತಿದ್ದೆ. ನೀ ಬೆನ್ನ ಮಾಡ್ಕೊಂಡ ಭಾಂಡೆ ತಿಕ್ಕತಿದ್ದಿ. ತಿರುಗಿ ಸೈತ ನೋಡತಿರಲಿಲ್ಲ. ನನ್ನ ಮ್ಯಾಲೆ ಸಿಟ್ಟೈತಿ ಅಂತ ತಿಳ್ಕೊಂಡೆ.”

ನೀಲವ್ವನ ಅಳು ಬೀದಿಗೆಲ್ಲ ಕೇಳಿಸುತ್ತಿತ್ತು. ಹೊರಗಿನ ದೊಡ್ಡ ಸಾಲುಗಳು ಚಾಲೂ ಇದ್ದವು. ಜೀವಮಾನವಿಡೀ ಮಾತನ್ನು ಹ್ಯಾಗಾದರೂ ಮಾಡಿ ಊರಿಗೆಲ್ಲ ಮುಟ್ಟಿಸುವುದೇ ನನ್ನ ಕೆಲಸವಾಗಿತ್ತು. ನಾನು ಎದ್ದು ಹೋಗಿ ಹೊರಗಿನ ಎರಡೂ ಸಾಲಿನ ದನಿ ಪೂರ್ತಿ ಇಳಿಸಿ, ಆ ಕೋಲೊಂದನ್ನೇ ಉಳಿಸಿದೆ.

ಚನ್ನಬಸಪ್ಪ ಕಾಕಾ ಕಣ್ಣೊರೆಸಿಕೊಂಡು, ಮೊಬೈಲು ಕಿವಿಗೆ ಹಚ್ಚಿ ಅಂಗಳಕ್ಕೆ ಇಳಿದರು. “ಶಾಸ್ತ್ರಿಗಳ, ಶರಣಾರ್ಥಿ. ನೀವು ಈ ಸಲ ಬರೂದು ಬ್ಯಾಡ್ರಿ” ಎನ್ನುವುದು ಕೇಳಿಸಿತು.

ಗಿರಿಜವ್ವ ಕಟ್ಟೆಯ ಆ ತುದಿಯಿಂದ ಕೋಲಿನ ಹತ್ತಿರಕ್ಕೆ ಸರಿದು ಅದಕ್ಕೆ ಕಿವಿ ಕೊಟ್ಟು ಕೂತರು. ಕಣ್ಣು ಮುಚ್ಚಿದ್ದರು.

“ಇನ್ನೊಮ್ಮೆ ಕರಿ” ಎಂದರು.

“ಅಕ್ಕಾ.”

“ಓ.”

“ಅಕ್ಕಾ.”

“ಓ, ನನ್ನವ್ವಾ. ಕರಿ, ಇನ್ನೂ ಕರಿ. ಅಷ್ಟೂ ವರ್ಷದ್ದು ಓ ಅನ್ನಬೇಕು ನಾನು.”